ರಾಟ್‌ವೀಲರ್ ಸಾಕುವವರಿಗೆ: ಮರಿ ತರುವ ಮೊದಲಿನಿಂದ ಮುಪ್ಪಿನವರೆಗೆ

ನಮ್ಮ ಮಲೆನಾಡಿನಲ್ಲಿ ಒಂಟಿ ಮನೆಗಳೇ ಜಾಸ್ತಿ. ಕೂಗಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ಅಡಿಕೆ ಬೇಯಿಸಿ ಅಂಗಳದಲ್ಲಿ ಹರವಿದ ಮೇಲೆ ರಾತ್ರಿ ಕಾಯೋಕೆ ನಾಯಿ ಬೇಕೇ ಬೇಕು. ಮೊದಲು ಆ ಕೆಲಸ ಊರ ನಾಯಿಗಳೇ ಮಾಡುತ್ತಿದ್ದವು. ಈಗ ತುಂಬಾ ತೋಟದ ಮನೆಗಳಲ್ಲಿ ರಾಟ್‌ವೀಲರ್ ಕಾಣುತ್ತದೆ. ನಮ್ಮ ಮನೆಗೂ ಬಂತು. ಮೊದಲು ಕರಿಯ, ಒಂಬತ್ತು ವರ್ಷ ಇದ್ದ. ಈಗ ಮಲ್ಲಿ, ಅವಳಿಗೆ ನಾಲ್ಕು ವರ್ಷ.

ಕರಿಯನ ವಿಷಯದಲ್ಲಿ ನಾನು ಮಾಡಿದ ತಪ್ಪುಗಳು ಮಲ್ಲಿಗೆ ಆಗಲಿಲ್ಲ. ನಿಮ್ಮ ಮರಿಗೂ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ನಾಯಿಗೆ ಕಾಯೋದನ್ನು ಯಾರೂ ಕಲಿಸಬೇಕಾಗಿಲ್ಲ, ಅದು ರಕ್ತದಲ್ಲೇ ಇದೆ. ನಾವು ಕಲಿಸಬೇಕಾದದ್ದು ಯಾರನ್ನು ಬಿಡಬೇಕು ಅನ್ನೋದನ್ನು. ಉಳಿದದ್ದೆಲ್ಲ ಅದರ ಮೂಳೆ, ಹೊಟ್ಟೆ, ಚರ್ಮ ನೋಡಿಕೊಳ್ಳುವ ಕೆಲಸ.

ಇದು ಎಂಥ ನಾಯಿ

ಜರ್ಮನಿಯ ದಕ್ಷಿಣದಲ್ಲಿ ರಾಟ್‌ವೈಲ್ ಅಂತ ಒಂದು ಹಳೇ ಪಟ್ಟಣ ಇದೆ. ಅಲ್ಲಿನ ಕಟುಕರು ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗೋಕೆ ಈ ನಾಯಿಗಳನ್ನು ಇಟ್ಟುಕೊಂಡಿದ್ದರು. ಗಾಡಿಯನ್ನೂ ಎಳೆಸುತ್ತಿದ್ದರು. ಹಿಂದಿರುಗುವಾಗ ದುಡ್ಡಿನ ಚೀಲವನ್ನು ನಾಯಿಯ ಕೊರಳಿಗೆ ಕಟ್ಟುತ್ತಿದ್ದರು ಅನ್ನುತ್ತಾರೆ. ರೈಲು ಬಂದು ದನ ಸಾಗಿಸೋ ಕೆಲಸ ತಪ್ಪಿದ ಮೇಲೆ ತಳಿಯೇ ಅಳಿಯುವ ಹಾಗಾಗಿತ್ತು. 1910ರ ಹೊತ್ತಿಗೆ ಪೊಲೀಸ್ ನಾಯಿ ಅಂತ ಮಾನ್ಯತೆ ಸಿಕ್ಕಿತು. 1921ರಲ್ಲಿ ಅಲ್ಲಿ ಈ ತಳಿಗೆ ಒಂದೇ ದೊಡ್ಡ ಸಂಘ ಆಯಿತು. ಆಗ ಮತ್ತೆ ಚಿಗುರಿತು.

ದನ ಅಟ್ಟುವ ನಾಯಿ ಸುಮ್ಮನೆ ಬೊಗಳುತ್ತಾ ಓಡಾಡುವುದಿಲ್ಲ. ನಿಂತು ನೋಡುತ್ತದೆ, ಆಮೇಲೆ ಮೈ ಒಡ್ಡಿ ತಳ್ಳುತ್ತದೆ. ರಾಟ್‌ವೀಲರ್ ಮನೆಯವರ ಕಾಲಿಗೆ ಒರಗಿ ನಿಲ್ಲುವುದು, ಮಕ್ಕಳನ್ನು ಸೊಂಟದಿಂದ ನೂಕುವುದು ಆ ಹಳೇ ಕಸುಬಿನ ಅಭ್ಯಾಸ. ಗಂಡು 61ರಿಂದ 68 ಸೆಂಟಿಮೀಟರ್ ಎತ್ತರ, ಸುಮಾರು 50 ಕಿಲೋ ತೂಗುತ್ತದೆ. ಹೆಣ್ಣು 56ರಿಂದ 63 ಸೆಂಟಿಮೀಟರ್, 42 ಕಿಲೋ ಆಸುಪಾಸು. ಆಯುಸ್ಸು ಒಂಬತ್ತು ಹತ್ತು ವರ್ಷ. ಅಷ್ಟು ವರ್ಷ ದಿನಾ ಎರಡು ಗಂಟೆ ಇದಕ್ಕೆ ಕೊಡಲು ಆಗುತ್ತದೆಯಾ ಅಂತ ಮನೆಯವರೆಲ್ಲ ಕೂತು ಮಾತಾಡಿ. ಆಗಲ್ಲ ಅಂದರೆ ಊರ ನಾಯಿಯನ್ನೇ ಸಾಕಿ, ಅದೂ ಚೆನ್ನಾಗಿ ಕಾಯುತ್ತದೆ.

ಕಾನೂನಿನ ವಿಷಯವೂ ಗೊತ್ತಿರಲಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ 23 ತಳಿಗಳನ್ನು ತಡೆಯಲು ಸುತ್ತೋಲೆ ಹೊರಡಿಸಿತ್ತು. ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಹಾಗಂತ ನಮ್ಮ ಹೊಣೆ ಕಡಿಮೆಯಾಗಲಿಲ್ಲ. ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಕೇಸು ಆಗುತ್ತದೆ. ಪೇಟೆಯಲ್ಲಿದ್ದರೆ ಪಾಲಿಕೆಯ ಪರವಾನಗಿ ಮಾಡಿಸಿಕೊಳ್ಳಿ.

ಮರಿ ಆರಿಸುವುದು

ಎಂಟು ವಾರ ತುಂಬದ ಮರಿ ತರಬೇಡಿ. 2017ರ ತಳಿ ನಿಯಮಗಳ ಪ್ರಕಾರ ಅದನ್ನು ಮಾರುವ ಹಾಗೂ ಇಲ್ಲ. ಕಾನೂನು ಬಿಡಿ, ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡಿಕೊಂಡು ಬೆಳೆದ ಮರಿಗೆ ಎಷ್ಟು ಗಟ್ಟಿ ಕಚ್ಚಿದರೆ ನೋವಾಗುತ್ತದೆ ಅಂತ ಗೊತ್ತಿರುತ್ತದೆ. ಮುಂದೆ 45 ಕಿಲೋ ಆಗುವ ನಾಯಿಗೆ ಆ ಪಾಠ ಬೇಕು.

ತಾಯಿಯನ್ನು ನೋಡದೆ ಮರಿ ತರಬೇಡಿ. ಕರಿಯನನ್ನು ಕೊಟ್ಟವರು ತಾಯಿ ಬೇರೆ ಕಡೆ ಇದೆ ಅಂದರು, ನಾನು ನಂಬಿದೆ. ಮರಿಗೆ ಹಾಕಿಸಿದ್ದೇವೆ ಅಂದ ಲಸಿಕೆಯ ಚೀಟಿಯೂ ಸಿಗಲಿಲ್ಲ. ಮಲ್ಲಿಯನ್ನು ತರುವಾಗ ಎರಡು ಸಲ ಹೋಗಿ ಅವಳ ತಾಯಿಯ ಹತ್ತಿರ ಕೂತೆ. ಮೊದಲು ದೂರದಿಂದ ನೋಡಿದಳು. ಮನೆಯವರು ನನ್ನ ಜೊತೆ ಮಾತಾಡುವುದನ್ನು ಕಂಡು ಹತ್ತಿರ ಬಂದು ಕೈ ಮೂಸಿ, ಅಲ್ಲೇ ಮಲಗಿದಳು. ಬೇಕಾದದ್ದು ಈ ಗುಣ. ಮೂಲೆಗೆ ಸರಿದು ಗುರುಗುಟ್ಟುವ ತಾಯಿಯ ಮರಿ ಬೇಡ. ಅದನ್ನು ಧೈರ್ಯ ಅಂದುಕೊಳ್ಳಬೇಡಿ, ಅದು ಹೆದರಿಕೆ.

ತಂದೆ ತಾಯಿಯ ಸೊಂಟದ ಎಕ್ಸ್‌ರೇ ಕೇಳಿ. ಈ ತಳಿಯಲ್ಲಿ ಸೊಂಟದ ಕೀಲು, ಮೊಣಕೈ ಕೀಲು ಸರಿಯಾಗಿ ಕೂರದೇ ಇರುವ ತೊಂದರೆ ವಂಶದಿಂದಲೇ ಬರಬಹುದು. ಜರ್ಮನಿಯಲ್ಲಿ ಈ ಎಕ್ಸ್‌ರೇ ಇಲ್ಲದೆ ಸಂಘ ಮರಿ ಹಾಕಿಸಲು ಒಪ್ಪುವುದೇ ಇಲ್ಲ. ನಮ್ಮಲ್ಲಿ ಕೇಳುವವರು ಕಡಿಮೆ, ಅದಕ್ಕೇ ತೋರಿಸುವವರೂ ಕಡಿಮೆ. ಬಾಲ ಕತ್ತರಿಸಿಲ್ಲದ ಮರಿ ಸಿಕ್ಕರೆ ಸಂತೋಷದಿಂದ ತನ್ನಿ. ಜರ್ಮನಿಯಲ್ಲಿ ಬಾಲ ಕತ್ತರಿಸುವುದನ್ನು 1998ರಲ್ಲೇ ನಿಲ್ಲಿಸಿದರು. ಬಾಲ ಇದ್ದರೆ ನಾಯಿಯ ಮನಸ್ಸು ನಮಗೆ ಬೇಗ ತಿಳಿಯುತ್ತದೆ.

ಜಾಗ ಮೊದಲು ಸಿದ್ಧ ಮಾಡಿ

ಮರಿ ಬರುವ ಮೊದಲೇ ಗೂಡು ಕಟ್ಟಿ ಮುಗಿದಿರಬೇಕು. ನಮ್ಮದು 12 ಅಡಿಗೆ 15 ಅಡಿ. ಆರಡಿ ಎತ್ತರದ ಗಟ್ಟಿ ಜಾಲರಿ, ನೀರು ಹರಿಯುವಷ್ಟು ಇಳಿಜಾರಿರುವ ಸಿಮೆಂಟ್ ನೆಲ, ಮೂಲೆಯಲ್ಲಿ ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆ, ಅದರ ಮೇಲೆ ಗೋಣಿಚೀಲ. ಮಳೆಗಾಲದಲ್ಲಿ ಗೋಣಿ ದಿನಾ ಬದಲಾಯಿಸಬೇಕು, ಒದ್ದೆ ಗೋಣಿ ಮೇಲೆ ಮಲಗಿದರೆ ಎರಡೇ ದಿನಕ್ಕೆ ಹೊಟ್ಟೆಯ ಕೆಳಗೆ ಕೆಂಪಾಗುತ್ತದೆ.

ಗೂಡಿನ ಮೇಲ್ಗಡೆಯೂ ಜಾಲರಿ ಹಾಕಿಸಿ, ಇದನ್ನು ಮರೆಯಬೇಡಿ. ಕಾಡಿನಂಚಿನ ಊರುಗಳಲ್ಲಿ ಚಿರತೆಗೆ ನಾಯಿ ಸುಲಭದ ಬೇಟೆ. ಕಟ್ಟಿಹಾಕಿದ ನಾಯಿ ಎಷ್ಟೇ ದೊಡ್ಡದಾಗಿರಲಿ, ಓಡೋಕೂ ಆಗಲ್ಲ, ಎದುರಿಸೋಕೂ ಆಗಲ್ಲ. ಕಾಯಲಿ ಅಂತ ರಾತ್ರಿ ಹೊರಗೆ ಸರಪಳಿ ಹಾಕಿ ಬಿಡುವುದು ಅದನ್ನು ಚಿರತೆಗೆ ಕೊಟ್ಟ ಹಾಗೆ. ರಾತ್ರಿ ಗೂಡಿನೊಳಗಿಂದಲೋ ಜಗಲಿಯೊಳಗಿಂದಲೋ ಬೊಗಳಿದರೆ ಸಾಕು, ಏಳಬೇಕಾದವರು ನಾವು.

ಹಗಲಲ್ಲೂ ಸರಪಳಿಗೆ ಕಟ್ಟಿ ಸಾಕುವುದು ಬೇಡ. ಎರಡು ಮಾರು ಸರಪಳಿಯಲ್ಲಿ ವರ್ಷಗಟ್ಟಲೆ ಇದ್ದ ರಾಟ್‌ವೀಲರ್ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಎಗರುತ್ತದೆ. ಜನ ಅದನ್ನು ನೋಡಿ ಒಳ್ಳೇ ಕಾವಲು ನಾಯಿ ಅನ್ನುತ್ತಾರೆ. ಒಂದು ದಿನ ಸರಪಳಿ ಕಡಿದುಕೊಂಡಾಗ ಅದಕ್ಕೆ ಮನೆಯ ಮಗು ಯಾರು, ಕಳ್ಳ ಯಾರು ಅನ್ನೋ ಗುರುತು ಇರುವುದಿಲ್ಲ.

ಮೊದಲ ನಾಲ್ಕು ತಿಂಗಳು

ಮೊದಲ ಭಯ ಪಾರ್ವೋ. ರಕ್ತಭೇದಿ, ವಾಂತಿ, ಮೂರು ನಾಲ್ಕು ದಿನದಲ್ಲಿ ಸಾವು. ರಾಟ್‌ವೀಲರ್ ಮರಿಗಳಿಗೆ ಇದು ಬೇರೆ ತಳಿಗಳಿಗಿಂತ ಜೋರಾಗಿ ಹಿಡಿಯುತ್ತದೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮನೆಯಲ್ಲಿ ಹಿಂದೆ ಪಾರ್ವೋ ಆಗಿ ಮರಿ ಸತ್ತಿದ್ದರೆ ಡಾಕ್ಟರಿಗೆ ಹೇಳಿ, ಲಸಿಕೆ ಪೂರ್ತಿಯಾಗುವ ತನಕ ಹೊಸ ಮರಿ ಅಲ್ಲಿಗೆ ಬೇಡ.

ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರು, ಆಮೇಲೆ ಮೂರು ನಾಲ್ಕು ವಾರಕ್ಕೊಂದು, ಕೊನೆಯದು 16 ವಾರ ತುಂಬಿದ ಮೇಲೆ. ಆ ಕೊನೆಯದನ್ನೇ ಜನ ಬಿಟ್ಟುಬಿಡುವುದು. ತಾಯಿಹಾಲಿನಿಂದ ಬಂದ ಶಕ್ತಿ ಮೊದಲ ಲಸಿಕೆಗಳನ್ನು ತಡೆದಿರಬಹುದು, ಹಾಗಾಗಿ ಕೊನೆಯದು ಬಹಳ ಮುಖ್ಯ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ಪ್ರತಿ ವರ್ಷ. ಇಲಿಜ್ವರದ ಲಸಿಕೆಯೂ ಸೇರಿರಲಿ. ನಮ್ಮ ಗದ್ದೆ, ತೋಟದ ಕಾಲುವೆಗಳಲ್ಲಿ ಇಲಿಗಳಿಗೆ ಬರವಿಲ್ಲ, ಮಳೆಗಾಲದ ನಿಂತ ನೀರು ಕುಡಿಯದ ನಾಯಿಯೂ ಇಲ್ಲ. ಜಂತುಹುಳುವಿನ ಔಷಧಿ ಮರಿಗೆ ಎರಡು ವಾರಕ್ಕೊಮ್ಮೆ, ಮೂರು ತಿಂಗಳಾದ ಮೇಲೆ ತಿಂಗಳಿಗೊಮ್ಮೆ, ಆರು ತಿಂಗಳು ದಾಟಿದರೆ ಮೂರು ತಿಂಗಳಿಗೊಮ್ಮೆ.

ಲಸಿಕೆ ಮುಗಿಯುವ ತನಕ ಮರಿಯನ್ನು ಮನೆಯಲ್ಲೇ ಮುಚ್ಚಿಡಬೇಕು ಅಂತ ನಾನೂ ಅಂದುಕೊಂಡಿದ್ದೆ. ಅದು ತಪ್ಪು. ಮರಿಯ ಮನಸ್ಸು ತೆರೆದಿರುವುದು ಸುಮಾರು ಮೂರೂವರೆ ತಿಂಗಳ ತನಕ ಮಾತ್ರ. ಆಗ ನೋಡದೇ ಇದ್ದದ್ದೆಲ್ಲ ಮುಂದೆ ಅದಕ್ಕೆ ಅನುಮಾನದ ವಸ್ತು. ನೆಲಕ್ಕೆ ಬಿಡದೆ ಎತ್ತಿಕೊಂಡು ಹೋಗಿ ತೋರಿಸಿ. ನಮ್ಮ ಕಡೆ ತೋರಿಸಲೇಬೇಕಾದದ್ದು ಏನೇನು? ಉದ್ದನೆಯ ದೋಟಿ ಹಿಡಿದು ಅಡಿಕೆ ಕೊನೆ ಕೊಯ್ಯಲು ಬರುವ ಕೊನೆಗೌಡ. ಕಳೆ ಕತ್ತರಿಸುವ ಮೆಷಿನ್ನಿನ ಸದ್ದು. ಹೆಲ್ಮೆಟ್ ಹಾಕಿಕೊಂಡು ಬೈಕಿನಲ್ಲಿ ಬರುವವರು. ಓಡಾಡುವ, ಕಿರುಚುವ ಮಕ್ಕಳು. ದನ, ಕೋಳಿ. ಮಳೆಗಾಲದ ಪ್ಲಾಸ್ಟಿಕ್ ಕೊಪ್ಪೆಯನ್ನಂತೂ ಬಿಡಬೇಡಿ. ದಿನಾ ಬರುವ ಕೆಲಸದ ಹೆಂಗಸು ಜೂನ್‌ನಲ್ಲಿ ಕೊಪ್ಪೆ ಹಾಕಿಕೊಂಡು ಬಂದರೆ ನಾಯಿಗೆ ಅವಳ ಆಕಾರವೇ ಬದಲು. ಕರಿಯ ಹಾಗೆ ಒಬ್ಬರ ಮೇಲೆ ಎಗರಿದ್ದ. ಬೆಲ್ಟು ನನ್ನ ಕೈಯಲ್ಲಿದ್ದದ್ದರಿಂದ ಏನೂ ಆಗಲಿಲ್ಲ. ಮಲ್ಲಿಗೆ ಮರಿಯಲ್ಲೇ ನಾನು ಕೊಪ್ಪೆ ಹಾಕಿಕೊಂಡು ಊಟ ಹಾಕುತ್ತಿದ್ದೆ.

ಊಟ: ನಿಧಾನವಾಗಿ ಬೆಳೆಯಲಿ

ದೊಡ್ಡ ತಳಿಯ ಮರಿಗೆ ಜಾಸ್ತಿ ತಿನ್ನಿಸಿ, ಕ್ಯಾಲ್ಸಿಯಂ ಔಷಧಿ ಕುಡಿಸಿದರೆ ಮೂಳೆ ಗಟ್ಟಿಯಾಗುತ್ತದೆ ಅನ್ನೋ ನಂಬಿಕೆ ಎಲ್ಲ ಕಡೆ ಇದೆ. ಕರಿಯನಿಗೆ ನಾನು ದಿನಾ ಎರಡು ಮುಚ್ಚಳ ಕುಡಿಸಿದೆ, ಜೊತೆಗೆ ಹಾಲು, ಮೊಟ್ಟೆ, ಬಟ್ಟಲು ತುಂಬಾ ಅನ್ನ. ಆರು ತಿಂಗಳಿಗೆ ಎಲ್ಲರೂ ನಿಂತು ನೋಡುವ ಹಾಗೆ ಬೆಳೆದ. ಏಳನೇ ತಿಂಗಳಿಗೆ ಬೆಳಗ್ಗೆ ಏಳುವಾಗ ಮುಂಗಾಲು ಎತ್ತಿ ಹಿಡಿಯತೊಡಗಿದ. ಎಕ್ಸ್‌ರೇ ನೋಡಿದ ಡಾಕ್ಟರು ಮೊದಲು ಕೇಳಿದ್ದೇ ಇದು: "ಕ್ಯಾಲ್ಸಿಯಂ ಕೊಡ್ತಿದೀರಾ?"

ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡ ಅಂತ ತಡೆಯೋ ಶಕ್ತಿ ಇನ್ನೂ ಬಂದಿರುವುದಿಲ್ಲ. ಕೊಟ್ಟದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಆಗ ಮೂಳೆಯೂ ಕೀಲಿನ ಮೃದ್ವಸ್ಥಿಯೂ ಹೊಂದಿಕೆ ತಪ್ಪಿ ಬೆಳೆಯುತ್ತವೆ. ಜೊತೆಗೆ ಮೈ ಭಾರ ಬೇರೆ. ಆದ್ದರಿಂದ "ದೊಡ್ಡ ತಳಿಯ ಮರಿಗೆ" ಅಂತ ಬರೆದಿರುವ ಒಣ ಆಹಾರ ತನ್ನಿ. ಅದರಲ್ಲಿ ಕ್ಯಾಲ್ಸಿಯಂ ಅಳತೆ ಮಾಡಿ ಹಾಕಿರುತ್ತಾರೆ. ಮೇಲೆ ಏನೂ ಸೇರಿಸಬೇಡಿ. ಬರೀ ಮನೆ ಊಟವೇ ಹಾಕುವುದಾದರೆ ಡಾಕ್ಟರ ಹತ್ತಿರ ಲೆಕ್ಕ ಹಾಕಿಸಿಕೊಳ್ಳಿ, ಏಕೆಂದರೆ ಹಾಲು ಅನ್ನದಲ್ಲಿ ಬೆಳೆಯುವ ಮರಿಗೆ ಬೇಕಾದ ಪ್ರೋಟೀನು ಸಿಗುವುದಿಲ್ಲ.

ಮೂರು ತಿಂಗಳ ತನಕ ದಿನಕ್ಕೆ ನಾಲ್ಕು ಸಲ, ಆರು ತಿಂಗಳ ತನಕ ಮೂರು ಸಲ, ಆಮೇಲೆ ಜೀವನಪೂರ್ತಿ ಎರಡು ಸಲ. ಒಂದೇ ಸಲ ಹೊಟ್ಟೆ ತುಂಬ ಹಾಕುವುದು ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಷ್ಟು ಹಾಕಬೇಕು ಅನ್ನೋದಕ್ಕೆ ಬೆರಳ ತುದಿಯ ಪರೀಕ್ಷೆ ಸಾಕು. ನಿಮ್ಮ ಕೈ ಮುಷ್ಟಿ ಮಾಡಿ ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳು ಆಡಿಸಿ. ನಾಯಿಯ ಪಕ್ಕೆಲುಬು ಹಾಗೆ ಚುಚ್ಚಿದರೆ ಬಡಕಲು. ಈಗ ಕೈ ಬಿಡಿಸಿ ಅಂಗೈ ಕಡೆಯಿಂದ ಬೆರಳ ಬುಡ ಮುಟ್ಟಿ. ಪಕ್ಕೆ ಹಾಗೆ ಮೆತ್ತಗಿದ್ದರೆ ಬೊಜ್ಜು. ಬಿಡಿಸಿದ ಕೈಯ ಹಿಂಬದಿಯನ್ನು ಮುಟ್ಟಿದರೆ ತೆಳು ಚರ್ಮದ ಕೆಳಗೆ ಮೂಳೆ ಸಿಗುತ್ತದಲ್ಲ, ನಾಯಿಯ ಪಕ್ಕೆಯೂ ಹಾಗೇ ಸಿಗಬೇಕು. ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ರಾಟ್‌ವೀಲರ್ ಅಂದರೆ ಪೀಪಾಯಿ ಹಾಗಿರಬೇಕು ಅಂದುಕೊಂಡವರು ಅದರ ಸೊಂಟದ ಕೀಲನ್ನು ಬೇಗ ಸವೆಸುತ್ತಾರೆ.

ಮಲ್ಲಿ 42 ಕಿಲೋ. ಅವಳಿಗೆ ದಿನಕ್ಕೆ ಸುಮಾರು 1,800 ಕ್ಯಾಲರಿ ಬೇಕು. 250 ಗ್ರಾಂ ಒಣ ಆಹಾರ, ಮೂಳೆ ತೆಗೆದು ಬೇಯಿಸಿದ 300 ಗ್ರಾಂ ಕೋಳಿ, ಒಂದು ಹಿಡಿ ಕುಂಬಳಕಾಯಿ, ಎರಡು ಸೌಟು ಅನ್ನ ಇಲ್ಲಾ ರಾಗಿ ಮುದ್ದೆ. ಇದನ್ನು ಎರಡು ಹೊತ್ತಿಗೆ ಹಂಚುತ್ತೇನೆ. ಉಪ್ಪು, ಖಾರ, ಒಗ್ಗರಣೆ ಇಲ್ಲ. ಬೇಯಿಸಿದ ಮೂಳೆ ಸೀಳಿ ಕರುಳು ಚುಚ್ಚುತ್ತದೆ, ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಕಾಫಿ ಇವೆಲ್ಲ ನಾಯಿಗೆ ವಿಷ. ಉಳಿದ ಸಾಂಬಾರಿನಲ್ಲಿ ಈರುಳ್ಳಿ ಇದ್ದೇ ಇರುತ್ತದೆ ಅಲ್ವಾ, ಅದಕ್ಕೇ ಅದೂ ಬೇಡ.

ತೋಟದ ವಿಷಗಳ ಬಗ್ಗೆ ಬೇರೆಯಾಗೇ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ನಾಯಿ ಗೂಡಿನಲ್ಲಿರಲಿ. ಮೈಲುತುತ್ತ ಕರಗಿಸಿದ ಡ್ರಮ್ಮಿಗೆ ಮುಚ್ಚಳ ಹಾಕಿ. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯ ವಾಸನೆ ನಾಯಿಗೆ ಇಷ್ಟ. ತಿಂದ ಸ್ವಲ್ಪ ಹೊತ್ತಿಗೆ ನಡುಕ, ಅಪಸ್ಮಾರ ಶುರು. ಇಲಿ ಪಾಷಾಣ ನಾಯಿ ಓಡಾಡುವ ಕಡೆ ಇಡಲೇಬೇಡಿ. ತಿಂದದ್ದು ಗೊತ್ತಾದರೆ ಆ ಪ್ಯಾಕೆಟ್ಟನ್ನೂ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ, ಯಾವ ವಿಷ ಅಂತ ತಿಳಿದರೆ ಡಾಕ್ಟರಿಗೆ ಹೊತ್ತು ಉಳಿಯುತ್ತದೆ.

ಬೊಗಳಲಿ, ಆಮೇಲೆ ನನ್ನ ಮುಖ ನೋಡಲಿ

ಈಗ ತರಬೇತಿ. ಕಾವಲು ನಾಯಿಯನ್ನು ರೇಗಿಸಿ, ಕೋಲು ತೋರಿಸಿ ಕೆರಳಿಸಿ ಬೆಳೆಸಬೇಕು ಅನ್ನುವವರ ಮಾತು ಕೇಳಬೇಡಿ. ರಾಟ್‌ವೀಲರ್‌ಗೆ ಎರಡು ವರ್ಷ ತುಂಬುವ ಹೊತ್ತಿಗೆ ಕಾಯುವ ಬುದ್ಧಿ ತಾನಾಗಿಯೇ ಬರುತ್ತದೆ. ಅಷ್ಟರೊಳಗೆ "ಕೂತ್ಕೋ", "ಬಾ", "ಬಿಡು" ಈ ಮೂರು ಮಾತು ಯಾವ ಗಲಾಟೆಯ ಮಧ್ಯೆಯೂ ಕೇಳುವ ಹಾಗಾಗಿರಬೇಕು. ದಿನಕ್ಕೆ ಐದೈದು ನಿಮಿಷ, ನಾಲ್ಕು ಸಲ, ಕೈಯಲ್ಲಿ ಬೇಯಿಸಿದ ಕೋಳಿಯ ಸಣ್ಣ ಚೂರು. ಹೊಡೆಯಬೇಡಿ. ಹೊಡೆತಕ್ಕೆ ಬಗ್ಗಿದ ನಾಯಿ ಹೊಡೆಯುವ ಕೈ ಇಲ್ಲದಾಗ ಬಗ್ಗುವುದಿಲ್ಲ.

ಮನೆಗೆ ಜನ ಬಂದಾಗ ಏನು ಮಾಡಬೇಕು ಅನ್ನೋದು ದೊಡ್ಡ ಪಾಠ. ನಾವು ಕಲಿಸಿದ್ದು ಹೀಗೆ.

ಮೊದಲು, ಜಗಲಿಯ ಮೂಲೆಯಲ್ಲಿ ಒಂದು ಗೋಣಿ ಹಾಸಿ. ಮರಿ ಅದರ ಮೇಲೆ ಕಾಲಿಟ್ಟಾಗಲೆಲ್ಲ ಒಂದು ಚೂರು ಕೊಡಿ. ನಾಲ್ಕೈದು ದಿನದಲ್ಲಿ ತಾನಾಗೇ ಹೋಗಿ ಕೂರುತ್ತದೆ. ಆಗ "ಗೋಣಿ" ಅನ್ನೋ ಮಾತು ಸೇರಿಸಿ. ನಂತರ ಅಲ್ಲಿ ಕೂತಿರುವ ಹೊತ್ತನ್ನು ಹತ್ತು ಸೆಕೆಂಡಿನಿಂದ ಐದು ನಿಮಿಷಕ್ಕೆ ನಿಧಾನವಾಗಿ ಬೆಳೆಸಿ. ಇಷ್ಟಾದ ಮೇಲೆ ಮನೆಯವರೊಬ್ಬರು ಹೊರಗೆ ಹೋಗಿ ದಣಪೆ (ಅಂಗಳದ ದಾರಿಗೆ ಅಡ್ಡ ಹಾಕುವ ಗಳ) ಸರಿಸಲಿ. ಸದ್ದಾದ ಕೂಡಲೇ "ಗೋಣಿ" ಅನ್ನಿ. ಕೂತರೆ ಕೈತುಂಬ ಕೊಡಿ. ಇದನ್ನು ನೂರು ಸಲ ಮಾಡಿ, ಉತ್ಪ್ರೇಕ್ಷೆ ಅಲ್ಲ, ನೂರು ಸಲ. ಆಮೇಲೆ ಪರಿಚಯದವರು, ಕೊನೆಗೆ ಪರಿಚಯ ಇಲ್ಲದವರು. ಬಂದವರು ಕೂತು ಮಾತು ಶುರು ಮಾಡಿದ ಮೇಲೆ, ನಾಯಿಯ ಮೈ ಸಡಿಲವಾದದ್ದನ್ನು ನೋಡಿ, ಒಂದೇ ಒಂದು ಮಾತು: "ನಮ್ಮೋರೇ". ಕರಿಯನ ಕಾಲದಿಂದ ನಮ್ಮ ಮನೆಯಲ್ಲಿ ಇದೇ ಮಾತು. ಆಗ ಎದ್ದು ಬಂದು ಮೂಸಬಹುದು. ಬಂದವರು ಕೈ ಚಾಚಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ನಾಯಿ ತಾನಾಗೇ ಬಂದರೆ ಬರಲಿ.

ಈಗ ದಣಪೆಯ ಸದ್ದಾದರೆ ಮಲ್ಲಿ ಎದ್ದು ನಿಲ್ಲುತ್ತಾಳೆ. ಎರಡು ಸಲ ಬೊಗಳುತ್ತಾಳೆ, ಎದೆಯಿಂದ ಬರುವ ದನಿ. ಆಮೇಲೆ ಕುತ್ತಿಗೆ ತಿರುಗಿಸಿ ನನ್ನ ಮುಖ ನೋಡುತ್ತಾಳೆ. ನಾನು ಏನೂ ಹೇಳದಿದ್ದರೂ ಗೋಣಿಗೆ ಹೋಗಿ ಕೂರುತ್ತಾಳೆ. ಕಣ್ಣು ಮಾತ್ರ ದಾರಿಯ ಮೇಲೇ ಇರುತ್ತದೆ. ಅದಕ್ಕಿಂತ ಹೆಚ್ಚಿನ ಕಾವಲು ನನಗೆ ಬೇಡ.

ಅಡಿಕೆ ಕೊನೆ ಕೊಯ್ಲು, ಮದುವೆ, ತಿಥಿಯಂಥ ದಿನಗಳಲ್ಲಿ ಜನ ಜಾಸ್ತಿ ಇರುತ್ತಾರೆ. ಅಂಥ ದಿನ ಎಷ್ಟೇ ಒಳ್ಳೇ ನಾಯಿಯಾದರೂ ಬೆಳಗ್ಗೆಯೇ ಗೂಡಿಗೆ ಹಾಕಿ, ಅಗಿಯೋಕೆ ಏನಾದರೂ ಕೊಡಿ. ಸಣ್ಣ ಮಕ್ಕಳ ಜೊತೆ ಒಂದು ನಿಮಿಷವೂ ದೊಡ್ಡವರಿಲ್ಲದೆ ಬಿಡಬೇಡಿ.

ಬಾಯಿಕುಕ್ಕೆಯನ್ನೂ ಮರಿಯಲ್ಲೇ ಅಭ್ಯಾಸ ಮಾಡಿಸಿ. ಎತ್ತಿಗೆ ಹಾಕುವ ಕುಕ್ಕೆಯ ಹಾಗೆ ಬುಟ್ಟಿ ಆಕಾರದ್ದು, ಒಳಗೆ ಬಾಯಿ ತೆರೆದು ಏದುಸಿರು ಬಿಡೋಕೆ, ನೀರು ಕುಡಿಯೋಕೆ ಆಗಬೇಕು. ಬಾಯಿ ಬಿಗಿದು ಕಟ್ಟುವ ಬಟ್ಟೆಯ ಪಟ್ಟಿ ಸೆಖೆಯಲ್ಲಿ ಅಪಾಯ. ಕುಕ್ಕೆಯ ತಳದಲ್ಲಿ ತಿಂಡಿ ಹಾಕಿ, ತಾನೇ ಮೂತಿ ತೂರಿಸುವ ಹಾಗೆ ಮಾಡಿ. ಆಸ್ಪತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಇದು ನಿಮ್ಮ ನಾಯಿಯ ಮರ್ಯಾದೆ ಕಾಯುತ್ತದೆ.

ವ್ಯಾಯಾಮದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಂದೂವರೆ ವರ್ಷದ ತನಕ ಜೀಪಿನಿಂದ ಧುಮುಕಿಸುವುದು, ಮೆಟ್ಟಿಲು ಹತ್ತಿಳಿಸುವುದು, ಬೈಕಿನ ಪಕ್ಕ ಓಡಿಸುವುದು ಬೇಡ. ಆಮೇಲೆ ಬೆಳಗ್ಗೆ ಸಂಜೆ 45 ನಿಮಿಷ ನಡಿಗೆ ಸಾಕು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸುವುದಿದ್ದರೆ ಕನಿಷ್ಠ ಒಂದು ವರ್ಷ ಕಾಯುವುದು ಒಳ್ಳೆಯದು, ಮೂಳೆ ಬೆಳೆಯಲು ಆ ಹಾರ್ಮೋನುಗಳು ಬೇಕು. ಸಮಯ ಯಾವುದು ಅಂತ ಡಾಕ್ಟರೇ ಹೇಳಲಿ.

ಉಣುಗು

ಮಲೆನಾಡಿನಲ್ಲಿ ದೊಡ್ಡ ನಾಯಿಯನ್ನು ಕೆಡವುವುದು ಕಡಲೆಕಾಳಿನಷ್ಟು ದೊಡ್ಡದಿರುವ, ಉಣ್ಣೆ ಅಂತಲೂ ಕರೆಯುವ ಈ ಹುಳು. ಕರಿಯನಿಗೆ ಐದು ವರ್ಷ ಇದ್ದಾಗ ಒಂದು ದಿನ ಮೂಗಿನಿಂದ ರಕ್ತ ತೊಟ್ಟಿಕ್ಕಿತು. ಮಳೆಗಾಲ, ಇಂಬಳ (ಜಿಗಣೆ) ಹೊಕ್ಕಿರಬೇಕು ಅಂದುಕೊಂಡೆವು. ನಾಯಿಯ ಮೂಗಿಗೆ ಇಂಬಳ ಹೋಗುವುದು ನಮ್ಮಲ್ಲಿ ಹೊಸದಲ್ಲ. ಎರಡು ದಿನ ಬಿಟ್ಟೆವು. ಮೂರನೇ ದಿನ ಊಟ ಬಿಟ್ಟ. ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದ ಹಾಗೆ ಬಿಳಿ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತಳ ಕಂಡಿತ್ತು. ಉಣುಗಿನಿಂದ ಬರುವ ಎರ್ಲಿಕಿಯಾ ಜ್ವರ. 28 ದಿನ ಮಾತ್ರೆ ಕೊಟ್ಟು ಉಳಿಸಿಕೊಂಡೆವು. ಉಣುಗಿನಿಂದಲೇ ಬರುವ ಇನ್ನೊಂದು ಜ್ವರ ಬಬೇಸಿಯಾ. ಅದರಲ್ಲಿ ರಕ್ತಕಣ ಒಡೆದು ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಬಹುದು. ಎರಡೂ ಒಟ್ಟಿಗೇ ಬರುವುದೂ ಇದೆ.

ಹಾಗಾಗಿ ನಾಯಿ ಆರೋಗ್ಯವಾಗಿದ್ದಾಗಲೇ ಅದರ ಒಸಡಿನ ಬಣ್ಣ ನೋಡಿಟ್ಟುಕೊಳ್ಳಿ. ರಾಟ್‌ವೀಲರ್ ಒಸಡು ಅಲ್ಲಲ್ಲಿ ಕಪ್ಪಗಿರುತ್ತದೆ, ಗುಲಾಬಿ ಇರುವ ಜಾಗ ಹುಡುಕಿ ಗುರುತು ಮಾಡಿಕೊಳ್ಳಿ. ಜ್ವರ, ಊಟ ಬಿಡುವುದು, ಒಸಡು ಬಿಳಿಚುವುದು, ಮೂಗಿನ ರಕ್ತ, ಉಚ್ಚೆಯ ಬಣ್ಣ ಬದಲಾಗುವುದು, ಇದರಲ್ಲಿ ಒಂದು ಕಂಡರೂ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ದಿನಾ ಸಂಜೆ ಹತ್ತು ನಿಮಿಷ ಕೂತು ಕೈಯಿಂದ ಮೈ ತಡವಿ. ಕಿವಿಯ ಒಳಮಡಿಕೆ, ಕುತ್ತಿಗೆ ಪಟ್ಟಿಯ ಕೆಳಗೆ, ಕಂಕುಳು, ಕಾಲ್ಬೆರಳ ಸಂದು, ಬಾಲದ ಬುಡ. ಸಿಕ್ಕ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಒತ್ತಿ ಒಡೆಯಬೇಡಿ. ಸೀಮೆಎಣ್ಣೆ ಹಚ್ಚಬೇಡಿ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡುವುದೂ ಕಾಡಿನ ಉಣುಗಿನಿಂದಲೇ. ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗಿಬಂದ ನಾಯಿಯ ಮೈ ನೋಡಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಅದನ್ನು ಹಾಸಿಗೆ ಹತ್ತಿಸಬೇಡಿ.

ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಕೊಡುವ ಉಣುಗಿನ ಮಾತ್ರೆ ಬಂದಿದೆ. ದುಬಾರಿ ಹೌದು. ಆದರೆ ಒಂದು ಜ್ವರದ ಖರ್ಚಿನ ಮುಂದೆ ಏನೂ ಅಲ್ಲ. ದನಕ್ಕೆ ಹೊಡೆಯುವ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಬಳಿಯಬೇಡಿ.

ಹೊಟ್ಟೆ ತಿರುಚುವುದು, ಸೆಖೆ, ಹಾವು

ಎದೆ ಆಳ ಇರುವ ದೊಡ್ಡ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಳ್ಳುತ್ತದೆ. ಒಳಗಿನದು ಮೇಲೂ ಬರಲ್ಲ, ಕೆಳಗೂ ಹೋಗಲ್ಲ. ನಾಯಿ ವಾಂತಿಗೆ ಉಬ್ಬಳಿಸುತ್ತದೆ, ಜೊಲ್ಲು ಬಿಟ್ಟು ಏನೂ ಬರುವುದಿಲ್ಲ. ಕೂತಲ್ಲಿ ಕೂರಲ್ಲ, ಹೊಟ್ಟೆ ಕಡೆ ತಿರುಗಿ ನೋಡುತ್ತದೆ, ಪಕ್ಕೆಯ ಹಿಂದೆ ಹೊಟ್ಟೆ ಡೊಳ್ಳಿನ ಹಾಗೆ ಉಬ್ಬುತ್ತದೆ. ಇದು ಕಂಡರೆ ಜೀರಿಗೆ ಕಷಾಯ, ಸೋಡಾ ಅಂತ ಹೊತ್ತು ಕಳೆಯಬೇಡಿ. ರಾತ್ರಿ ಎರಡು ಗಂಟೆಯಾದರೂ ಗಾಡಿ ತೆಗೆಯಿರಿ. ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ, ಆಪರೇಷನ್ ಬಿಟ್ಟು ಬೇರೆ ದಾರಿ ಇಲ್ಲ. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆ ಯಾವುದು, ರಾತ್ರಿ ಯಾರಿರುತ್ತಾರೆ ಅಂತ ಈಗಲೇ ವಿಚಾರಿಸಿ ನಂಬರು ಗೋಡೆಗೆ ಅಂಟಿಸಿಡಿ. ಶಿವಮೊಗ್ಗ ಮತ್ತು ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಬರದಂತೆ ತಡೆಯಲು ಎರಡು ಹೊತ್ತು ಊಟ ಕೊಡಿ, ಊಟದ ಹಿಂದೆ ಮುಂದೆ ಒಂದು ಗಂಟೆ ಓಡಿಸಬೇಡಿ. ಗಬಗಬ ತಿನ್ನುವ ನಾಯಿಗೆ ಅಗಲ ತಟ್ಟೆಯಲ್ಲಿ ಹರವಿ ಹಾಕಿ, ತಟ್ಟೆ ನೆಲದ ಮೇಲೇ ಇರಲಿ.

ಏಪ್ರಿಲ್, ಮೇ ತಿಂಗಳಲ್ಲಿ ಆ ಕಪ್ಪು ಮೈ ಬಿಸಿಲನ್ನು ಹೀರುತ್ತದೆ. ನಡಿಗೆ ಬೆಳಗ್ಗೆ ಏಳರೊಳಗೆ, ಸಂಜೆ ಆರರ ಮೇಲೆ. ನಾಯಿಯ ಸಹಜ ಶಾಖ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೆ ಅಪಾಯ. ನಾಲಿಗೆ ಕಡುಕೆಂಪಾಗಿ, ತೂರಾಡಿದರೆ ಮೊದಲು ಅಲ್ಲೇ ಬಾವಿ ನೀರು ಸುರಿದು ಗಾಳಿ ಹಾಕಿ ತಂಪು ಮಾಡಿ, ಆಮೇಲೆ ಆಸ್ಪತ್ರೆ. ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ.

ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ನಡೆಸಬೇಡಿ. ಗೋಣಿಯ ಮೇಲೆ ಮಲಗಿಸಿ ಇಬ್ಬರು ಹೊತ್ತು ಗಾಡಿಗೆ ಹಾಕಿ. ದಾರಿಯಲ್ಲೇ ಫೋನ್ ಮಾಡಿ ವಿಷನಿರೋಧಕ ಚುಚ್ಚುಮದ್ದು ಇದೆಯಾ ಕೇಳಿ, ಇಲ್ಲದ ಕಡೆ ಹೋದರೆ ಹೊತ್ತು ವ್ಯರ್ಥ. ನಾಯಿ ಯಾರನ್ನಾದರೂ ಕಚ್ಚಿದರೆ, ಲಸಿಕೆ ಆಗಿದ್ದರೂ ಸರಿ, ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಖರ್ಚು ನಿಮ್ಮದು.

ಮುಪ್ಪು

ಏಳು ವರ್ಷ ದಾಟಿದರೆ ರಾಟ್‌ವೀಲರ್‌ಗೆ ವಯಸ್ಸಾಯಿತು ಅಂತಲೇ ಲೆಕ್ಕ. ಆರು ತಿಂಗಳಿಗೊಮ್ಮೆ ಪೂರ್ತಿ ತಪಾಸಣೆ ಮಾಡಿಸಿ. ಕಾವಿ ನೆಲ ಜಾರುತ್ತದೆ, ಅದು ಓಡಾಡುವ ದಾರಿಗೆ ಗೋಣಿ ಹಾಸಿ. ಚಳಿಗಾಲದಲ್ಲಿ ಹಾಸಿಗೆ ದಪ್ಪ ಇರಲಿ. ಕೀಲುನೋವಿಗೆ ನಮ್ಮ ಮಾತ್ರೆ ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆ ನಾಯಿಯ ಯಕೃತ್ತು, ಮೂತ್ರಪಿಂಡ ಕೆಡಿಸುತ್ತದೆ.

ಕುಂಟುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ತಳಿಗೆ ಮೂಳೆ ಕ್ಯಾನ್ಸರ್ ಬರುವುದು ಹೆಚ್ಚು. ಮುಂಗಾಲಿನ ಮಣಿಕಟ್ಟಿನ ಹತ್ತಿರ, ಭುಜದ ಹತ್ತಿರ ಜಾಸ್ತಿ. ಎಂಟೂವರೆ ವರ್ಷಕ್ಕೆ ಕರಿಯ ಎಡ ಮುಂಗಾಲು ಕುಂಟಿದಾಗ ಉಳುಕಿರಬೇಕು ಅಂತ ಎರಡು ವಾರ ಎಣ್ಣೆ ತಿಕ್ಕಿದೆ. ಎಕ್ಸ್‌ರೇ ತೆಗೆಸಿದಾಗ ಮಣಿಕಟ್ಟಿನ ಮೇಲಿನ ಮೂಳೆ ಹುಳ ತಿಂದ ಮರದ ಹಾಗಿತ್ತು. ಮೊದಲ ದಿನವೇ ಹೋಗಿದ್ದರೂ ಉಳಿಯುತ್ತಿದ್ದನೋ ಇಲ್ಲವೋ, ಆ ಎರಡು ವಾರದ ನೋವಾದರೂ ತಪ್ಪುತ್ತಿತ್ತು. ಆರು ವರ್ಷ ದಾಟಿದ ರಾಟ್‌ವೀಲರ್ ಮೂರು ದಿನಕ್ಕಿಂತ ಹೆಚ್ಚು ಕುಂಟಿದರೆ ಎಕ್ಸ್‌ರೇ ತೆಗೆಸಿ.

ಡಾಕ್ಟರು ನೋವು ತಗ್ಗಿಸುವ ಔಷಧಿ ಬರೆದುಕೊಟ್ಟರು. ಊಟ ಮಾಡುತ್ತಾನಾ, ಜನ ಬಂದರೆ ಗಮನ ಕೊಡುತ್ತಾನಾ, ತಾನಾಗೇ ಎದ್ದು ಉಚ್ಚೆಗೆ ಹೋಗುತ್ತಾನಾ ಅಂತ ದಿನಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಂದರು. ಮೂರರಲ್ಲಿ ಎರಡು ತಪ್ಪಿದ ದಿನ ಫೋನ್ ಮಾಡಿ ಅಂದರು. ನೀವೂ ಹಾಗೇ ಮಾಡಿ. ನಮ್ಮ ಆಸೆಯಿಂದ ಅದರ ನೋವನ್ನು ಅಳೆಯೋಕೆ ಆಗಲ್ಲ, ಕ್ಯಾಲೆಂಡರಿಗೆ ಆಗುತ್ತದೆ.

ಕರಿಯ ಕೊನೆಯ ತಿಂಗಳು ಜಗಲಿಯ ಗೋಣಿಯ ಮೇಲೇ ಇದ್ದ. ದಣಪೆ ಸದ್ದಾದರೆ ಏಳೋಕೆ ಆಗುತ್ತಿರಲಿಲ್ಲ. ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದ. "ನಮ್ಮೋರೇ ಕಣೋ" ಅಂದರೆ ಮತ್ತೆ ತಲೆ ಕೆಳಗಿಡುತ್ತಿದ್ದ.